ದೇವರ ಕೆಲಸವೆಂದು ಸುಮ್ಮನಿರಬೇಕೆ?

ಪುಣೆ ಜಿಲ್ಲೆಯ ಜೇಜುರಿಯ ಖಂಡೋಬಾ ಕನ್ನಡಿಗರಿಗೆ ಹೊರಗಿನವನಲ್ಲ. ನಮ್ಮ ಮೈಲಾರಲಿಂಗನೇ ಅವನು. ನಮ್ಮಲ್ಲಿ ಗೊರವಯ್ಯ ಇದ್ದಂತೆ ಅಲ್ಲಿ ವಾಘ್ಯಾ. ಅವನ ಜೊತೆ ಹಾಡುವವಳು ಮುರಳಿ. ಮದುವೆಯಾದ ಮನೆಯವರು ಜಾಗರಣೆಗೆ ಇವರನ್ನು ಕರೆಸುತ್ತಾರೆ. ದಿಮಡಿ, ತುಣತುಣೆಯ ಮೇಳಕ್ಕೆ ಮುರಳಿ ಕೈಯಲ್ಲಿ ಗಂಟೆ ಹಿಡಿದು ರಾತ್ರಿಯಿಡೀ ಕುಣಿಯಬೇಕು. ಬೆಳಗಾದ ಮೇಲೆ ಕೊಟ್ಟಷ್ಟು ತೆಗೆದುಕೊಂಡು ಹೊರಡಬೇಕು.

ಸಂಪ್ರದಾಯದ ಮುರಳಿ ಈ ಕೆಲಸವನ್ನು ತಾನಾಗಿ ಆರಿಸಿಕೊಂಡವಳಲ್ಲ. ಹರಕೆ ಹೊತ್ತ ಹೆತ್ತವರು ಎಳವೆಯಲ್ಲೇ ಅರಿಸಿನ ಹಚ್ಚಿ, ಕೊರಳಿಗೆ ಕವಡೆ ಕಟ್ಟಿ ದೇವರಿಗೆ ಬಿಟ್ಟವಳು. ಮುಂದೆ ಕೂಲಿ ಕೇಳಿದರೂ, ಮದುವೆಯ ಮಾತೆತ್ತಿದರೂ, ಮಕ್ಕಳಿಗೆ ತಂದೆಯ ಹೆಸರು ಬೇಕೆಂದರೂ ಅವಳಿಗೆ ಸಿಕ್ಕಿದ್ದು ಒಂದೇ ಉತ್ತರ: ಇದು ದೇವರ ಸೇವೆ. ಅದರ ಲಾಭ ಉಂಡವರು ಮಾತ್ರ ಊರಿನ ಉಳ್ಳವರು.

‘ಅವರೇ ಒಪ್ಪಿಕೊಂಡಿದ್ದಾರೆ, ನಿಮಗೇನು ಕಷ್ಟ?’ ಎನ್ನುವವರು ಇಂದಿಗೂ ಇದ್ದಾರೆ. ಈ ಮಾತು ಸುಳ್ಳೆಂದು ನೂರು ವರ್ಷಗಳ ಹಿಂದೆಯೇ ಒಬ್ಬ ಮುರಳಿ ತೋರಿಸಿಕೊಟ್ಟಿದ್ದಳು. ಪುಣೆಯ ದಲಿತ ನಾಯಕ ಶಿವರಾಮ ಜಾನಬಾ ಕಾಂಬಳೆ 1908ರಲ್ಲಿ ‘ಸೋಮವಂಶೀಯ ಮಿತ್ರ’ ಪತ್ರಿಕೆ ಆರಂಭಿಸಿ, ಹೆಣ್ಣುಮಕ್ಕಳನ್ನು ಖಂಡೋಬಾನಿಗೆ ಬಿಡಬೇಡಿ ಎಂದು ಬರೆದರು. ಅದಕ್ಕೆ ಓಗೊಟ್ಟು ಶಿವೂಬಾಯಿ ಎಂಬ ಮುರಳಿ ತನ್ನ ಬದುಕಿನ ಸಂಕಟವನ್ನು ತಾನೇ ಬರೆದು ಕಳಿಸಿದಳು. ಚಳವಳಿಯ ಕಾರ್ಯಕರ್ತರೊಬ್ಬರು ಆಕೆಯನ್ನು ಮದುವೆಯಾದರು. ಹಣೆಬರಹ ಎಂದು ಊರೆಲ್ಲ ನಂಬಿದ್ದು ಅಲ್ಲಿಗೆ ಸಡಿಲವಾಯಿತು. ನನಗೆ ಆ ಮದುವೆಗಿಂತ ಆ ಪತ್ರವೇ ದೊಡ್ಡದಾಗಿ ಕಾಣುತ್ತದೆ. ಕೇಳುವವರೊಬ್ಬರು ಇದ್ದಾರೆಂದು ಗೊತ್ತಾದ ಕೂಡಲೇ ಆಕೆ ಬಾಯಿಬಿಟ್ಟಳು. ಅಲ್ಲಿಯವರೆಗಿನ ಮೌನವನ್ನು ಒಪ್ಪಿಗೆ ಎಂದು ಲೆಕ್ಕ ಹಾಕಿದ್ದು ನಮ್ಮ ಸಮಾಜ. ನಮ್ಮ ಜಮಖಂಡಿಯಲ್ಲಿ ಹುಟ್ಟಿದ ಸಮಾಜ ಸುಧಾರಕ ವಿಠ್ಠಲ ರಾಮಜಿ ಶಿಂಧೆ ಕೂಡ ಮುರಳಿ ಪದ್ಧತಿಯ ವಿರುದ್ಧ ದನಿ ಎತ್ತಿದವರು.

ಕಾನೂನು ನಿಧಾನವಾಗಿ ಬಂತು. ಮುಂಬೈ ಪ್ರಾಂತ್ಯದಲ್ಲಿ 1934ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ, ಹೆಣ್ಣುಮಕ್ಕಳನ್ನು ಹೀಗೆ ದೇವರಿಗೆ ಬಿಡುವ ದೇವದಾಸಿ ಪದ್ಧತಿಯನ್ನು ತಡೆಯಲು ಕಾಯ್ದೆಗಳಾದವು. ಆದರೂ 1993–94 ಮತ್ತು 2007–08ರ ಎರಡು ಸಮೀಕ್ಷೆಗಳಲ್ಲಿ ನಮ್ಮ ರಾಜ್ಯ ಗುರುತಿಸಿದ ದೇವದಾಸಿಯರು 46,660. ಮುತ್ತು ಕಟ್ಟಿ ದೇವರಿಗೆ ಬಿಡುವುದನ್ನು ನಿಷೇಧಿಸಿದರಷ್ಟೇ ಸಾಲದು. ದೇವದಾಸಿಯ ಮನೆಗೆ ಒಂದು ತುಂಡು ಜಮೀನು, ಮಗಳಿಗೆ ಹಾಸ್ಟೆಲ್, ತಾಯಿಗೆ ಖಾಯಂ ದುಡಿಮೆ ಬೇಕು. ಇವಿಲ್ಲದೆ ‘ಪದ್ಧತಿ ಬಿಡಿ’ ಎನ್ನುವುದು ಕ್ರೌರ್ಯ.

ಮುರಳಿಯ ಹಾಡು ಸಾಯಬೇಕೆಂದು ನಾನು ಹೇಳುತ್ತಿಲ್ಲ. ಅದು ಕಲೆ, ಇಷ್ಟಪಟ್ಟವರು ಕಲಿಯಲಿ, ಹಾಡಲಿ. ಜಾಗರಣೆಗೆ ಕರೆಸುವವರು ಸಂಭಾವನೆಯನ್ನು ಮೊದಲೇ ಮಾತಾಡಿ, ಪೂರ್ತಿಯಾಗಿ ಕೊಡಲಿ. ಜೇಜುರಿಗೂ ಮೈಲಾರಕ್ಕೂ ನಡೆದುಕೊಳ್ಳುವ ಭಕ್ತರಲ್ಲಿ ನನ್ನ ಕೋರಿಕೆ ಇಷ್ಟು: ಯಾವ ಊರಲ್ಲಾದರೂ ಹುಡುಗಿಯನ್ನು ದೇವರಿಗೆ ಬಿಡುವ ಸುದ್ದಿ ಕಿವಿಗೆ ಬಿದ್ದರೆ, ಅದು ಅವರ ಮನೆಯ ವಿಚಾರ ಎಂದು ಸುಮ್ಮನಾಗದೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.