ನೆಲ್ಲಿನ ಗದ್ದೆಯಲ್ಲಿ ಕ್ಷಯದ ಮದ್ದು

ಗಾಳಿ-ಮಳೆ ಬಂದು ಹೋದ ಮೇಲೆ ನೆಲ್ಲಿನ ಗರಿಯ ತುದಿ ಹಳದಿಗೆ ತಿರುಗುತ್ತದೆ, ಅಂಚು ಅಲೆಅಲೆಯಾಗಿ ಒಣಗುತ್ತ ಕೆಳಗಿಳಿಯುತ್ತದೆ. ಅದು ದುಂಡಾಣು ಅಂಗಮಾರಿ. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿಯಲ್ಲಾಗಲಿ, ನಾರಾಯಣಪುರ ಬಲದಂಡೆಯ ದೇವದುರ್ಗದಲ್ಲಾಗಲಿ ನೆಲ್ಲು ಬೆಳೆಯುವವರಿಗೆ ಈ ಭಯ ತಪ್ಪಿದ್ದಲ್ಲ. ಅದಕ್ಕೆ ಗೊಬ್ಬರದ ಅಂಗಡಿಯಲ್ಲಿ ಸಿಗುವ ಉತ್ತರ, ಆರು ಗ್ರಾಮಿನ ಸ್ಟ್ರೆಪ್ಟೋಸೈಕ್ಲಿನ್ ಪೊಟ್ಟಣ.

ಪೊಟ್ಟಣದೊಳಗಿರುವುದು ಒಂಬತ್ತು ಪಾಲು ಸ್ಟ್ರೆಪ್ಟೋಮೈಸಿನ್, ಒಂದು ಪಾಲು ಟೆಟ್ರಾಸೈಕ್ಲಿನ್. ಎರಡೂ ಮನುಷ್ಯರ ಆಂಟಿಬಯಾಟಿಕ್‌ಗಳೇ. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ಆಲ್ಬರ್ಟ್ ಶಾಟ್ಸ್ ಮಣ್ಣಿನ ಜೀವಾಣುವಿನಿಂದ ಬೇರ್ಪಡಿಸಿದ ಸ್ಟ್ರೆಪ್ಟೋಮೈಸಿನ್, ಕ್ಷಯವನ್ನು ಮಣಿಸಿದ ಮೊದಲ ಆಂಟಿಬಯಾಟಿಕ್. ಅದೊಂದನ್ನೇ ಕೊಟ್ಟರೆ ರೋಗಾಣು ಕೆಲವೇ ತಿಂಗಳಲ್ಲಿ ಅದಕ್ಕೆ ಬಗ್ಗದಂತಾಗುತ್ತದೆ ಎಂಬುದು 1948ರ ಬ್ರಿಟಿಷ್ ಪ್ರಯೋಗದಲ್ಲೇ ಗೊತ್ತಾಗಿತ್ತು.

ಬೆಳೆಯಲ್ಲೂ ಇದೇ ಆಯಿತು. ಅಮೆರಿಕದ ಸೇಬು, ಪೇರ್ ತೋಟಗಳಲ್ಲಿ 1970ರ ದಶಕದಿಂದ ಸ್ಟ್ರೆಪ್ಟೋಮೈಸಿನ್ ಕೈಕೊಡತೊಡಗಿತು. ಆ ಪ್ರತಿರೋಧದ ಜೀನ್‌ಗಳೇ ಮನುಷ್ಯರ, ಜಾನುವಾರುಗಳ ಬ್ಯಾಕ್ಟೀರಿಯಾಗಳಲ್ಲೂ ಸಿಕ್ಕಿವೆ. ಬ್ಯಾಕ್ಟೀರಿಯಾಗಳು ಇಂಥ ಜೀನ್‌ಗಳನ್ನು ಜಾತಿಭೇದವಿಲ್ಲದೆ ಒಂದಕ್ಕೊಂದು ದಾಟಿಸುತ್ತವೆ. ಗದ್ದೆಯಿಂದ ಬಸಿದ ನೀರು ಹಳ್ಳ ಸೇರುವ ಸೀಮೆಯಲ್ಲಿ ಇದು ಹೊಲದ ಬದುವಿಗೆ ಮುಗಿಯುವ ಮಾತಲ್ಲ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಈ ಎರಡು ಮದ್ದುಗಳನ್ನು ಬೇಸಾಯದಿಂದ ಹಂತಹಂತವಾಗಿ ಹೊರಗಿಡುವ ಕರಡು ಆದೇಶ ಹೊರಡಿಸಿತು. ತಡವಾಗಿಯಾದರೂ ಅದು ಸರಿಯಾದ ಹೆಜ್ಜೆ.

ಎಷ್ಟೋ ಸಲ ಈ ಮದ್ದು ಹೊಡೆಯುವ ಅಗತ್ಯವೇ ಇರುವುದಿಲ್ಲ. ಬೆಂಕಿ ರೋಗ ಶಿಲೀಂಧ್ರದ್ದು, ಅದಕ್ಕೆ ಆಂಟಿಬಯಾಟಿಕ್ ತಾಗುವುದೇ ಇಲ್ಲ. ರೋಗ ಯಾವುದೆಂದು ರೈತ ಮನೆಯಲ್ಲೇ ಪರೀಕ್ಷಿಸಬಹುದು: ರೋಗ ಹಿಡಿದ ಗರಿಯನ್ನು ಅಡ್ಡಲಾಗಿ ಕತ್ತರಿಸಿ, ಕತ್ತರಿಸಿದ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅದ್ದಿ ಹಿಡಿಯಬೇಕು. ಸ್ವಲ್ಪ ಹೊತ್ತಿಗೆ ಹಾಲಿನಂಥ ಎಳೆಯೊಂದು ಕೆಳಗಿಳಿದರೆ ಅದು ದುಂಡಾಣು. ಇಳಿಯದಿದ್ದರೆ ಕಾರಣ ಬೇರೆ ಇರುವ ಸಾಧ್ಯತೆಯೇ ಹೆಚ್ಚು.

ದುಂಡಾಣುವೇ ಆದರೂ ಮೊದಲು ನಿಲ್ಲಬೇಕಾದದ್ದು ಯೂರಿಯಾ. ಹೆಚ್ಚು ಸಾರಜನಕ ಉಂಡ ಮೆತ್ತನೆಯ ಪೈರಿನಲ್ಲಿ ಈ ರೋಗ ಬೇಗ ಹಬ್ಬುತ್ತದೆ. ನಿಂತ ನೀರು ಬಸಿಯಬೇಕು, ರೋಗದ ಮಡಿಯ ನೀರು ಪಕ್ಕದ ಮಡಿಗೆ ಹರಿಯಬಾರದು. ನಾಟಿಯ ವೇಳೆ ಸಸಿಯ ತುದಿ ಚಿವುಟುವುದೂ ಬೇಡ, ಗಾಯದ ಮೂಲಕವೇ ರೋಗ ಒಳಹೊಗುತ್ತದೆ.

ಇವೆಲ್ಲಕ್ಕಿಂತ ಗಟ್ಟಿ ದಾರಿ ಬೀಜದಲ್ಲಿದೆ. ಹೈದರಾಬಾದಿನ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರ (ಸಿಸಿಎಂಬಿ) ಮತ್ತು ಭತ್ತ ಸಂಶೋಧನಾ ಸಂಸ್ಥೆಗಳು ಸಾಂಬಾ ಮಸೂರಿ ಎನ್ನುವ ಬಿಪಿಟಿ 5204 ಭತ್ತಕ್ಕೆ ಮೂರು ರೋಗನಿರೋಧಕ ಜೀನ್ ಸೇರಿಸಿದ ತಳಿ ‘ಸುಧಾರಿತ ಸಾಂಬಾ ಮಸೂರಿ’ 2008ರಲ್ಲೇ ಬಿಡುಗಡೆಯಾಗಿದೆ. ಸಣ್ಣಕ್ಕಿ ಕೊಡುವ ಆ ತಳಿಯ ಬಗ್ಗೆ ರೈತ ಸಂಪರ್ಕ ಕೇಂದ್ರಗಳು ಮಾತಾಡಬೇಕಾದದ್ದು ಸಸಿಮಡಿ ಹಾಕುವ ಮೊದಲೇ.