ಯಂತ್ರಮಾನವನ ಸಿನಿಮಾ ಮತ್ತು ನಮ್ಮ ಐದು ವರ್ಷದ ಮಗು



ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿ ಈ ನಾಲ್ಕು ಮಾತುಗಳಿಗೆ ಕಾರಣ. ಆ ತಿಂಗಳು ನನಗೆ ಎರಡನೇ ಪಾಳಿ ಇತ್ತು. ರಾತ್ರಿ ಎಂಟೂವರೆಗೆ ಊಟದ ಬಿಡುವು ಸಿಕ್ಕಾಗ ಮನೆಗೆ ಫೋನ್ ಮಾಡಿ ಕಿರಿಯ ಮಗನ ಜೊತೆ ಎರಡು ಮಾತಾಡುವುದು ನನ್ನ ರೂಢಿ. ಪಾಳಿ ಮುಗಿಸಿ ಬರುವಷ್ಟರಲ್ಲಿ ಅವನು ಮಲಗಿರುತ್ತಾನೆ. ಒಂದು ಸೋಮವಾರ ಅವನು ಫೋನಿಗೆ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಆಟದಲ್ಲಿ ಇರಬೇಕೆಂದುಕೊಂಡೆ. ಗುರುವಾರ ನನ್ನ ಹೆಂಡತಿ ಹೇಳಿದಳು: “ಹುಡುಗ ಫೋನ್ ಕಂಡ್ರ ಹೆದರಾಕತ್ತಾನ್ರಿ. ಅದು ಹಾರಿ ಬಂದು ಬಾಯಾಗ ಹೊಕ್ಕತೈತಿ ಅಂತಾನ.”

ತಪ್ಪು ನನ್ನದೇ. ಅದರ ಹಿಂದಿನ ಭಾನುವಾರ ಪಕ್ಕದ ಖೋಲಿಯವರ ಟಿ.ವಿ.ಯಲ್ಲಿ ‘2.0’ ಎಂಬ ಚಿತ್ರ ಹಾಕಿದ್ದರು. ರಜನಿಕಾಂತ್ ಇದ್ದಾರೆ, ರೋಬೋ ಇದೆ, ಹುಡುಗ ಕುಣಿಯುತ್ತಾನೆ ಎಂದು ತೊಡೆಯ ಮೇಲೆ ಕೂರಿಸಿಕೊಂಡೆ. ಅರ್ಧ ಗಂಟೆಯಲ್ಲಿ ನನಗೆ ನಿದ್ದೆ ಬಂತು. 2018ರಲ್ಲಿ ಬಂದ ಆ ಚಿತ್ರದಲ್ಲಿ ಜನರ ಕೈಯಲ್ಲಿದ್ದ ಮೊಬೈಲುಗಳೆಲ್ಲ ಹಾರಿಹೋಗುತ್ತವೆ. ಆಮೇಲೆ ರಾಶಿರಾಶಿಯಾಗಿ ಕೂಡಿಕೊಂಡು ದೊಡ್ಡ ಹಕ್ಕಿಯಾಗಿ ಬಂದು ಮನುಷ್ಯರನ್ನು ಕೊಲ್ಲುತ್ತವೆ. ನಾನು ಗೊರಕೆ ಹೊಡೆಯುತ್ತಿರುವಾಗ ಐದು ವರ್ಷದ ಮಗು ಅದನ್ನೆಲ್ಲ ಒಬ್ಬನೇ ನೋಡಿದ. ಅಪ್ಪನ ದನಿ ಯಾವ ವಸ್ತುವಿನಿಂದ ಬರುತ್ತದೆಯೋ ಅದೇ ವಸ್ತು ಅವನಿಗೆ ರಾಕ್ಷಸನಾಯಿತು.

ಅಂದಿನಿಂದ ಈ ವಿಷಯವನ್ನು ನಾನು ಗಂಭೀರವಾಗಿ ಯೋಚಿಸುತ್ತಾ ಬಂದಿದ್ದೇನೆ. ನಾವು ಚಿಕ್ಕವರಿದ್ದಾಗ ಜಾತ್ರೆಯಲ್ಲಿ ಬಯಲಾಟ ನೋಡಿ ಹೆದರಲಿಲ್ಲವೇ ಎಂದು ಕೆಲವರು ಕೇಳಬಹುದು. ಹೆದರಿದ್ದೆವು. ಆದರೆ ಬೆಳಗಿನ ಜಾವ ಆಟ ಮುಗಿದ ಮೇಲೆ ಆ ರಾಕ್ಷಸ ಕಿರೀಟ ಕಳಚಿ ಬೀಡಿ ಸೇದುತ್ತಾ ಕೂತದ್ದನ್ನೂ ಕಂಡಿದ್ದೆವು. ಅವನು ನಮ್ಮೂರ ಬಡಿಗೇರನೇ ಎಂದು ನಮಗೆ ಗೊತ್ತಿತ್ತು. ವಿಜ್ಞಾನ ಕಥೆಯ ಸಿನಿಮಾ ಹಾಗಲ್ಲ. ಅದು ಹೆದರಿಸುವುದು ಮನೆಯಲ್ಲಿರುವ ವಸ್ತುಗಳಿಂದ. ಫೋನು, ಟಿ.ವಿ., ಮಿಕ್ಸರು, ಲಿಫ್ಟು. ರಾಕ್ಷಸ ಮನೆಯಲ್ಲಿಲ್ಲ, ಫೋನು ಮನೆಯಲ್ಲಿದೆ. ಚಿಕ್ಕ ಮಗುವಿಗೆ ಈ ಎರಡರ ನಡುವಿನ ವ್ಯತ್ಯಾಸ ದೊಡ್ಡದು.

ಹಾಗೆಂದು ಇಂಥ ಚಿತ್ರಗಳೇ ಬೇಡ ಎನ್ನುವವನು ನಾನಲ್ಲ. ವೆರ್ಣಾ, ಕುಂಡಯಿ, ಕೊರ್ಲಿಯ ಎಸ್ಟೇಟುಗಳಲ್ಲಿ ದುಡಿಯುವ ನಮ್ಮ ಮನೆಗಳ ಮಕ್ಕಳು ಯಂತ್ರಗಳ ನಡುವೆಯೇ ಬೆಳೆಯುತ್ತಾರೆ. ಯಂತ್ರ ಏನು ಮಾಡಬಲ್ಲದು, ಮನುಷ್ಯನ ಕೆಲಸವನ್ನು ಅದು ಕಸಿಯುತ್ತದೆಯೇ, ಚಂದ್ರನಲ್ಲಿ ಯಾರಿದ್ದಾರೆ ಎಂದು ಕೇಳುವ ಹಕ್ಕು ಅವರಿಗೂ ಇದೆ. ಪಣಜಿಯ ದೊಡ್ಡ ಶಾಲೆಯ ಮಗು ಕೇಳಬಹುದಾದ ಪ್ರಶ್ನೆಯನ್ನು ನಮ್ಮ ಚಾಳಿನ ಮಗು ಏಕೆ ಕೇಳಬಾರದು? ಆದರೆ ಆರಿಸಿ ತೋರಿಸಬೇಕು. ತೋರಿಸುವಾಗ ನಾವು ಎಚ್ಚರವಾಗಿರಬೇಕು.

ಮೊದಲು ಸರ್ಟಿಫಿಕೇಟಿನ ಮಾತು. ‘ಯು’ ಎಂದರೆ ಎಲ್ಲರಿಗೂ, ‘ಎ’ ಎಂದರೆ ದೊಡ್ಡವರಿಗೆ ಮಾತ್ರ ಎಂಬುದು ಎಲ್ಲರಿಗೂ ತಿಳಿದದ್ದೇ. ನಡುವಿನ ‘ಯುಎ’ ಎಂಬುದನ್ನು 2024ರ ಹೊಸ ನಿಯಮಗಳಲ್ಲಿ ಮೂರು ಭಾಗ ಮಾಡಿದ್ದಾರೆ: 7 ವರ್ಷ, 13 ವರ್ಷ, 16 ವರ್ಷ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ತೋರಿಸಬಹುದೋ ಬೇಡವೋ ಎಂಬುದನ್ನು ತಂದೆತಾಯಿ ಯೋಚಿಸಿ ತೀರ್ಮಾನಿಸಬೇಕೆಂಬುದು ಇದರ ಅರ್ಥ. ನಮ್ಮಲ್ಲಿ ಬಹಳ ಜನ ‘ಯುಎ’ ಎಂದರೆ ‘ನಡೆಯುತ್ತದೆ’ ಎಂದು ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ‘2.0’ ಕೂಡ ‘ಯುಎ’ ಚಿತ್ರವೇ. ಸರ್ಕಾರ ಹಚ್ಚಿದ ಗುರುತು ಬಾಗಿಲ ತನಕ ಬರುತ್ತದೆ, ತೊಡೆಯ ಮೇಲಿನ ಮಗುವನ್ನು ಅದು ಕಂಡಿಲ್ಲ. ಇನ್ನು ಮೊಬೈಲಿನಲ್ಲಿ ನೋಡುವಾಗ ಬಾಗಿಲಲ್ಲಿ ತಡೆಯುವವರೂ ಇಲ್ಲ.

ಎರಡನೆಯದು ಭಾಷೆಯ ತೊಡಕು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಓಣಿಯಲ್ಲಿ ಹಿಂದಿ, ಶಾಲೆಯಲ್ಲಿ ಕೊಂಕಣಿ, ಮರಾಠಿ, ಇಂಗ್ಲಿಷ್ ಎಂದು ಎಲ್ಲವನ್ನೂ ಅರ್ಧರ್ಧ ಕಲಿತವರು. ಮಾತು ತಿಳಿಯದ ಮಗುವಿಗೆ ಸಿನಿಮಾದಲ್ಲಿ ಉಳಿಯುವುದು ಸ್ಫೋಟ ಮತ್ತು ಕಿರುಚಾಟ ಮಾತ್ರ. ದುಷ್ಟ ಯಾಕೆ ದುಷ್ಟನಾದ ಎಂಬುದು ಸಂಭಾಷಣೆಯಲ್ಲಿರುತ್ತದೆ, ಅದು ಮಗುವಿಗೆ ಮುಟ್ಟುವುದಿಲ್ಲ. ಕನ್ನಡದಲ್ಲಿಯೇ ಇಂಥ ಚಿತ್ರ ತೋರಿಸೋಣವೆಂದರೆ ಬೆರಳೆಣಿಕೆಯಷ್ಟೂ ಇಲ್ಲ. 2002ರಲ್ಲಿ ಉಪೇಂದ್ರ ಮಾಡಿದ ‘ಹಾಲಿವುಡ್’ನಲ್ಲಿ ಯಂತ್ರಮಾನವನಿದ್ದಾನೆ, ಆದರೆ ಅದು ಪ್ರೇಮದ ಗೋಜಲಿನ ಕಥೆ, ಐದು ವರ್ಷದವರಿಗಲ್ಲ.

ಆದ್ದರಿಂದಲೇ ನಾನು ಎಲ್ಲಕ್ಕಿಂತ ಮೊದಲು ಹೇಳುವ ಹೆಸರು ‘ವಾಲ್-ಇ’. 2008ರಲ್ಲಿ ಅಮೆರಿಕದ ಪಿಕ್ಸಾರ್ ಕಂಪನಿಯವರು ತೆಗೆದ ಗೊಂಬೆಚಿತ್ರ ಅದು, ಸುಮಾರು ಒಂದೂವರೆ ಗಂಟೆಯದು. ಅದರ ಮೊದಲ ಭಾಗದಲ್ಲಿ ಮಾತೇ ಇಲ್ಲವೆನ್ನಬಹುದು. ಕಸದಿಂದ ತುಂಬಿದ ಭೂಮಿಯನ್ನು ಬಿಟ್ಟು ಮನುಷ್ಯರೆಲ್ಲ ಹಡಗಿನಂಥ ಆಕಾಶನೌಕೆಯಲ್ಲಿ ಹೋಗಿಬಿಟ್ಟಿದ್ದಾರೆ. ಒಂದು ಪುಟ್ಟ ಯಂತ್ರ ಮಾತ್ರ ಏಳು ನೂರು ವರ್ಷಗಳಿಂದ ಒಂಟಿಯಾಗಿ ಕಸವನ್ನು ಒತ್ತಿ ಇಟ್ಟಿಗೆ ಮಾಡಿ ಜೋಡಿಸುತ್ತಿದೆ. ಅದಕ್ಕೆ ಜೊತೆ ಒಂದು ಜಿರಲೆ. ಕಸದಲ್ಲಿ ಸಿಕ್ಕ ಚಂದದ ಸಾಮಾನುಗಳನ್ನು ಅದು ಮನೆಗೆ ತಂದು ಕಾಪಾಡುತ್ತದೆ. ನೌಕೆಯಲ್ಲಿರುವ ಮನುಷ್ಯರೋ ಕುರ್ಚಿಯಿಂದ ಏಳಲಾರದಷ್ಟು ಬೊಜ್ಜು ಬೆಳೆಸಿಕೊಂಡಿದ್ದಾರೆ, ಪ್ರತಿಯೊಂದನ್ನೂ ಯಂತ್ರಗಳೇ ಮಾಡಿಕೊಡುತ್ತವೆ.

ನಮ್ಮ ಓಣಿಯ ಏಳೆಂಟು ಮಕ್ಕಳನ್ನು ಕೂರಿಸಿ ಇದನ್ನು ತೋರಿಸಿದೆವು. ಅವರಲ್ಲಿ ಇಬ್ಬರ ತಾಯಂದಿರು ಕಂತ್ರಾಟದಲ್ಲಿ ಕಸ ಗುಡಿಸುವವರು. ಆ ಯಂತ್ರ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೊರಡುವುದನ್ನು ಕಂಡು ಒಬ್ಬ ಹುಡುಗಿ “ಇದಕ್ಕ ಪಗಾರ ಯಾರು ಕೊಡ್ತಾರ?” ಎಂದು ಕೇಳಿದಳು. ದೊಡ್ಡವರಾದ ನಮಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಮಡಗಾಂವಿನ ಸೋನ್ಸೊಡೊದ ಕಸದ ಗುಡ್ಡವನ್ನು ಬಸ್ಸಿನಿಂದ ಕಂಡ ಮಕ್ಕಳಿಗೆ ಇದು ತೀರಾ ದೂರದ ಕಥೆಯೂ ಅಲ್ಲ. ಕೊನೆಯಲ್ಲಿ ಆ ಯಂತ್ರಕ್ಕೆ ಸ್ವಲ್ಪ ಹೊತ್ತು ನೆನಪು ತಪ್ಪುತ್ತದೆ. ಆಗ ಚಿಕ್ಕವರು ಅಳುತ್ತಾರೆ, ಕೈ ಹಿಡಿದುಕೊಂಡರೆ ಸಾಕು.

ಹಿಂದಿಯಲ್ಲಿ 2003ರ ‘ಕೋಯಿ ಮಿಲ್ ಗಯಾ’ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಬೇರೆ ಲೋಕದಿಂದ ಬಂದು ಒಂಟಿಯಾಗಿ ಉಳಿದ ಜಾದೂ ಎಂಬ ನೀಲಿ ಜೀವಿಗೆ ಬಿಸಿಲಿನಿಂದಲೇ ಶಕ್ತಿ. (ಗೋವಾದ ಜುಲೈ ತಿಂಗಳಲ್ಲಿ ಬಂದಿದ್ದರೆ ಪಾಪ ಅದರ ಗತಿ ಏನಾಗುತ್ತಿತ್ತೋ.) ಮಕ್ಕಳಿಗೆ ಇದು ಒಪ್ಪುವ ಚಿತ್ರ. ಆದರೆ ಮೂರು ಗಂಟೆಗೆ ಹತ್ತಿರ ಇದೆ, ಮೊದಲಲ್ಲೇ ತಂದೆಯ ಸಾವಿದೆ, ಎರಡು ದಿನ ಮಾಡಿ ತೋರಿಸಿರಿ. ನನಗೆ ಅದರಲ್ಲಿ ಒಂದು ತಕರಾರು ಇದೆ. ಬುದ್ಧಿ ಬೆಳೆಯದ ಹುಡುಗ ಮಂತ್ರ ಹಾಕಿದಂತೆ ಜಾಣನಾಗಿ, ಗಟ್ಟಿಮುಟ್ಟಾಗಿ ಗೆಲ್ಲುತ್ತಾನೆ. ನಮ್ಮ ಓಣಿಯಲ್ಲಿ ಅಂಥದೇ ಮಗು ಒಂದಿದೆ. ಅದಕ್ಕೆ ಜಾದೂ ಬರುವುದಿಲ್ಲ. ಆ ಮಗುವನ್ನು ಇದ್ದಂತೆಯೇ ಆಟಕ್ಕೆ ಸೇರಿಸಿಕೊಳ್ಳಬೇಕೆಂದು ಚಿತ್ರ ನೋಡಿದ ಮೇಲೆ ನಾವೇ ಹೇಳಬೇಕಾಗುತ್ತದೆ.

ಜಾದೂ ವೇಷದೊಳಗೆ ಇದ್ದವರು ಇಂದ್ರವದನ ಪುರೋಹಿತ ಎಂಬ ಗಿಡ್ಡ ಮೈಕಟ್ಟಿನ ನಟರು. ಅವರು 2014ರಲ್ಲಿ ತೀರಿಕೊಂಡರು. ಈ ಮಾತನ್ನು ಮಕ್ಕಳಿಗೆ ತಪ್ಪದೆ ಹೇಳಿರಿ. ಬಯಲಾಟದ ರಾಕ್ಷಸ ಬೀಡಿ ಸೇದಿದ್ದನ್ನು ಕಂಡು ನಮ್ಮ ಭಯ ಹೋದಂತೆ ಅವರ ಭಯವೂ ಹೋಗುತ್ತದೆ. ಆ ವೇಷ ಹೊತ್ತು ದುಡಿದ ಮನುಷ್ಯನ ಬೆವರೂ ಅವರಿಗೆ ತಿಳಿಯುತ್ತದೆ.

ಜಾದೂವಿಗಿಂತ ಮೊದಲು 1982ರಲ್ಲಿ ಸ್ಪೀಲ್‌ಬರ್ಗ್ ತೆಗೆದ ‘ಇ.ಟಿ.’ ಬಂದಿತ್ತು. ಅದಕ್ಕಿಂತಲೂ ಮುಂಚೆ, 1967ರಲ್ಲಿಯೇ, ಸತ್ಯಜಿತ್ ರಾಯ್ ಅವರು ಬಂಗಾಳದ ಹಳ್ಳಿಯ ಕೆರೆಗೆ ಆಕಾಶನೌಕೆ ಬಂದಿಳಿಯುವ, ಹಳ್ಳಿಯ ಹುಡುಗನೊಬ್ಬನ ಗೆಳೆತನವಾಗುವ ಕಥೆಯನ್ನು ಬರೆದಿದ್ದರು. ಅದು ಚಿತ್ರವಾಗಲೇ ಇಲ್ಲ. ಆಗಿದ್ದರೆ ನಾನು ಇಷ್ಟೆಲ್ಲ ಹುಡುಕುವ ಅಗತ್ಯ ಇರುತ್ತಿರಲಿಲ್ಲವೇನೋ.

‘ಇ.ಟಿ.’ಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕಾಗಿದೆ. ಬೇರೆ ಲೋಕದಿಂದ ಬಂದವನನ್ನು ದೊಡ್ಡವರು ಬೇಟೆಯಾಡುತ್ತಾರೆ, ಮಗು ಬಚ್ಚಿಡುತ್ತದೆ. ಗೋವಾದಲ್ಲಿ ಹುಟ್ಟಿ ಬೆಳೆದರೂ ‘ಘಾಟಿ’ ಎಂದು ಕರೆಸಿಕೊಂಡ ನಮ್ಮ ಮಕ್ಕಳಿಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಾಗೆ ಕರೆಯದೆ ಮನೆಗೆ ಕರೆದು ಅಂಬಲಿ ಕೊಟ್ಟ ಗೋವಾದ ನೆರೆಯವರೂ ನಮಗಿದ್ದಾರೆ, ಆ ಮಾತನ್ನೂ ಜೊತೆಗೇ ಹೇಳಬೇಕು. ಆದರೆ ಚಿತ್ರದ ಕೊನೆಯ ಭಾಗದಲ್ಲಿ ಸರ್ಕಾರದ ಜನ ಮುಖ ಕಾಣದಂಥ ಉಡುಪು ತೊಟ್ಟು ಆ ಹುಡುಗನ ಮನೆಗೆ ನುಗ್ಗುತ್ತಾರೆ. ಉಳ್ಳವರ ಮಗುವಿಗೆ ಅದು ಬರೀ ಕಲ್ಪನೆ. 2004ರ ಜೂನ್‌ನಲ್ಲಿ ಬೈನಾದಲ್ಲಿ ಮನೆಗಳನ್ನು ಕೆಡವಿದ ದಿನದ ಮಾತನ್ನು ಅಜ್ಜಿಯ ಬಾಯಿಂದ ಕೇಳಿ ಬೆಳೆದ ಮಗುವಿಗೆ ಅದು ಕಲ್ಪನೆಯಲ್ಲ. ಆದ್ದರಿಂದ ಎಂಟು ವರ್ಷಕ್ಕಿಂತ ಮೊದಲು ಈ ಚಿತ್ರ ಬೇಡವೆಂದು ನನ್ನ ಅಭಿಪ್ರಾಯ. 2002ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಸ್ಪೀಲ್‌ಬರ್ಗ್ ಅವರೇ ಅಧಿಕಾರಿಗಳ ಕೈಯ ಬಂದೂಕುಗಳನ್ನು ಅಳಿಸಿ ವಾಕಿಟಾಕಿ ಇಡಿಸಿದ್ದರು, ಆಮೇಲೆ ಹಾಗೆ ಮಾಡಬಾರದಿತ್ತೆಂದು ಪಶ್ಚಾತ್ತಾಪಪಟ್ಟರು. ಕಥೆ ಕಟ್ಟಿದವರಿಗೇ ಈ ವಿಷಯದಲ್ಲಿ ಗೊಂದಲವಿತ್ತೆಂದ ಮೇಲೆ ನಮ್ಮ ಗೊಂದಲಕ್ಕೆ ನಾಚಬೇಕಾಗಿಲ್ಲ.

ಆರೇಳು ವರ್ಷದವರಿಗೆ ಅದರ ಬದಲು 1999ರ ‘ದಿ ಐರನ್ ಜಯಂಟ್’ ತೋರಿಸಬಹುದು. ಅದೂ ಗೊಂಬೆಚಿತ್ರವೇ. ಆಕಾಶದಿಂದ ಬಿದ್ದ ಕಬ್ಬಿಣದ ದೈತ್ಯ, ಹೋಟೆಲಿನಲ್ಲಿ ಊಟ ಬಡಿಸಿ ಮನೆ ನಡೆಸುವ ವಿಧವೆ ತಾಯಿಯ ಮಗ. ಆ ದೈತ್ಯ ಯುದ್ಧಕ್ಕೆಂದೇ ಮಾಡಿದ ಯಂತ್ರ, ಆದರೆ ತಾನು ಬಂದೂಕಾಗಿರಲು ಅದಕ್ಕೆ ಮನಸ್ಸಿಲ್ಲ. ಬೇಟೆಗಾರರು ಜಿಂಕೆಯನ್ನು ಕೊಲ್ಲುವ ದೃಶ್ಯ ಬಂದಾಗ ಮಗುವಿನ ಪಕ್ಕದಲ್ಲಿ ಎಚ್ಚರವಾಗಿ ಇರಿ, ಸಾವಿನ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ.

ಕೊಪ್ಪಳ, ಬಳ್ಳಾರಿ ಕಡೆಯವರಿಗೆ ಇನ್ನೊಂದು ಹೆಸರು ಹೇಳುತ್ತೇನೆ. ಸಿಂಗೀತಂ ಶ್ರೀನಿವಾಸರಾವ್ ಅವರು 1991ರಲ್ಲಿ ತೆಲುಗಿನಲ್ಲಿ ತೆಗೆದ ‘ಆದಿತ್ಯ 369’. ಕಾಲಯಂತ್ರದಲ್ಲಿ ಕೂತವರು ಶ್ರೀಕೃಷ್ಣದೇವರಾಯನ ಆಸ್ಥಾನಕ್ಕೆ ಹೋಗಿ ಇಳಿಯುತ್ತಾರೆ. ರಜೆಯಲ್ಲಿ ಹಂಪಿ ಕಂಡುಬಂದ ಮಗುವಿಗೆ ಆ ಕಲ್ಲುಗಳು ಎದ್ದು ನಿಂತಂತೆ ಆಗುತ್ತದೆ. ಆಸ್ಥಾನ ನರ್ತಕಿಯ ಹಾಡು ಬಂದಾಗ ಮುಂದಕ್ಕೆ ಓಡಿಸಿದರಾಯಿತು.

ತೀರಾ ಚಿಕ್ಕವರಿಗೆ ಹದಿನಾಲ್ಕು ನಿಮಿಷದಷ್ಟರ ಒಂದು ಮೂಕಿಚಿತ್ರವಿದೆ. 1902ರಲ್ಲಿ ಫ್ರಾನ್ಸಿನ ಮೆಲಿಯೆ ಎಂಬವರು ಮಾಡಿದ ಚಂದ್ರಯಾನದ ಕಥೆ. ಚಂದ್ರನ ಕಣ್ಣಿಗೇ ರಾಕೆಟ್ಟು ನೆಡುತ್ತದೆ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಅದಾದ ಕೂಡಲೇ 2023ರ ಆಗಸ್ಟ್ 23ರಂದು ನಮ್ಮ ಚಂದ್ರಯಾನ-3 ಇಳಿದ ನಿಜವಾದ ಚಿತ್ರವನ್ನು ತೋರಿಸಿರಿ. ಯಾವುದು ಕಟ್ಟಿದ ಕಥೆ, ಯಾವುದು ಆದದ್ದು ಎಂದು ತೂಗಿ ನೋಡಲು ಐದು ವರ್ಷದ ಮಗುವಿಗೂ ಬರುತ್ತದೆ.

ಈ ತೂಗುವ ಕೆಲಸ ನಮಗೂ ಬೇಕು. ‘2.0’ದಲ್ಲಿ ಮೊಬೈಲ್ ಟವರಿನ ಅಲೆಗಳಿಂದ ಹಕ್ಕಿಗಳು ಸಾಯುತ್ತವೆಂದು ಖಚಿತವಾಗಿ ಹೇಳುತ್ತಾರೆ. ಫೋನ್ ಕಂಪನಿಗಳ ಸಂಘದವರು ಆಗಲೇ ಸೆನ್ಸಾರ್ ಮಂಡಳಿಗೆ ದೂರು ಕೊಟ್ಟಿದ್ದರು. ಕಂಪನಿಯವರ ಮಾತನ್ನು ನಾನು ಸುಲಭಕ್ಕೆ ನಂಬುವವನಲ್ಲ, ನಿಮಗೆ ಗೊತ್ತೇ ಇದೆ. ಆದರೆ ಹಕ್ಕಿಗಳ ನಾಶಕ್ಕೆ ಟವರೇ ಕಾರಣವೆಂದು ವಿಜ್ಞಾನದಲ್ಲಿ ಸಾಬೀತಾಗಿಲ್ಲ ಎಂಬುದು ನಿಜ. ಸಿನಿಮಾದಲ್ಲಿ ವಿಜ್ಞಾನಿಯ ಕನ್ನಡಕ ಹಾಕಿದವನು ಹೇಳಿದ್ದೆಲ್ಲ ವಿಜ್ಞಾನವಲ್ಲ.

ಥಿಯೇಟರಿಗೆ ನಾಲ್ಕು ಜನ ಹೋಗಿ ಬಂದರೆ ಒಂದು ದಿನದ ಪಗಾರ ಉಳಿಯುವುದಿಲ್ಲ. ಕತ್ತಲು ಮತ್ತು ಆ ಶಬ್ದವೂ ಚಿಕ್ಕವರಿಗೆ ಹೆಚ್ಚಾಗುತ್ತದೆ. ಮನೆಯಲ್ಲೇ, ಹಗಲಲ್ಲಿ, ದೀಪ ಹಾಕಿ, ದನಿ ಇಳಿಸಿ ನೋಡುವುದು ಲೇಸು. ಪಾಳಿಯ ಮೇಲೆ ಹೋಗುವವರು ತಾವು ಮೊದಲು ಒಮ್ಮೆ ನೋಡಲು ಸಮಯ ಎಲ್ಲಿಂದ ತರುವುದು ಎಂದು ಕೇಳುತ್ತಾರೆ. ಓಣಿಯಲ್ಲಿ ಯಾರಾದರೂ ಒಬ್ಬರು ನೋಡಿ ಉಳಿದವರಿಗೆ ಹೇಳಿದರೆ ಆಗದೇ? ಕಾಲೇಜಿಗೆ ಹೋಗುವ ನಮ್ಮ ಹುಡುಗಿಯರೇ ಈ ಕೆಲಸಕ್ಕೆ ಮುಂದೆ ಬಂದಿದ್ದಾರೆ.

2004ರಿಂದ ಸಾಮಾನ್ಯವಾಗಿ ನವೆಂಬರಿನಲ್ಲಿ ಪಣಜಿಯಲ್ಲಿ ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆಯುತ್ತಿದೆ. ನಮ್ಮ ಪೈಕಿ ಅನೇಕರು ಅಲ್ಲಿ ಮಂಟಪ ಕಟ್ಟಿದ್ದಾರೆ, ಕುರ್ಚಿ ಹೊತ್ತಿದ್ದಾರೆ. ಚಿತ್ರ ನೋಡಿದವರು ನನ್ನ ಬಳಗದಲ್ಲಿ ಒಬ್ಬರೂ ಇಲ್ಲ. ಬೈನಾದಲ್ಲಿಯೇ ರವೀಂದ್ರ ಭವನ ಇದೆ. ಉತ್ಸವದ ಒಂದು ಭಾನುವಾರ ಅಲ್ಲಿ ಕಾರ್ಮಿಕರ ಮಕ್ಕಳಿಗೆ ಒಂದು ಒಳ್ಳೆಯ ಚಿತ್ರ ತೋರಿಸಿರೆಂದು ಎಲ್ಲರೂ ಸಹಿ ಹಾಕಿ ಒಂದು ಅರ್ಜಿ ಕೊಡೋಣವೆಂದು ನನ್ನ ಸೂಚನೆ. ಅರ್ಜಿಯ ಕರಡು ನನ್ನ ಬಳಿ ಸಿದ್ಧವಿದೆ.

ನಮ್ಮ ಹುಡುಗನ ವಿಷಯಕ್ಕೆ ಬಂದರೆ, ಒಂದು ಹಳೇ ಫೋನನ್ನು ಬಿಚ್ಚಿ ಒಳಗಿನ ಬ್ಯಾಟರಿ, ಸ್ಪೀಕರು ಎಲ್ಲ ಅವನ ಅಂಗೈ ಮೇಲಿಟ್ಟು ತೋರಿಸಿದೆ. “ಇದಕ್ಕ ರೆಕ್ಕಿ ಎಲ್ಲೈತಿ, ನೀನ ಹುಡುಕು” ಎಂದೆ. ಬಹಳ ಹೊತ್ತು ಹುಡುಕಿದ. ದಸರೆಯ ಹೊತ್ತಿಗೆ ರಾತ್ರಿ ಎಂಟೂವರೆಗೆ ಮತ್ತೆ ಮಾತಾಡತೊಡಗಿದ. ಮಲಗುವಾಗ ಮಾತ್ರ ಈಗಲೂ ಅವರವ್ವನ ಫೋನನ್ನು ಬೋರಲು ಹಾಕಿ, ಮೇಲೊಂದು ಸ್ಟೀಲ್ ಡಬ್ಬಿ ಇಟ್ಟೇ ಮಲಗುತ್ತಾನೆ.