ಪ್ರವೇಶ ಪತ್ರ ಬಂತು, ಹಣದ ಪತ್ರ ಎಲ್ಲಿ?

ಅಮೆರಿಕದ ವಿಶ್ವವಿದ್ಯಾಲಯಗಳಿಂದ ಸ್ನಾತಕೋತ್ತರ ಪ್ರವೇಶದ ಪತ್ರಗಳು ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬರುತ್ತವೆ. ಕೊಲಂಬಿಯಾ, ರಟ್ಗರ್ಸ್, ಸ್ಟೀವನ್ಸ್ ಮೊದಲಾದ ನ್ಯೂಯಾರ್ಕ್-ನ್ಯೂಜೆರ್ಸಿ ಭಾಗದ ಹೆಸರುಗಳು ಈಗ ಮಂಗಳೂರು, ದಾವಣಗೆರೆಯ ಮನೆಗಳಿಗೂ ಪರಿಚಿತ. ದುಬೈಯಲ್ಲೋ ಮಸ್ಕತ್‌ನಲ್ಲೋ ದುಡಿಯುವ ತಂದೆಗೆ ಇದಕ್ಕಿಂತ ಸಿಹಿ ಸುದ್ದಿ ಇನ್ನೊಂದಿಲ್ಲ. ಆದರೆ ಪ್ರವೇಶ ಸಿಕ್ಕಿದೆ ಎಂದ ಮಾತ್ರಕ್ಕೆ ಹಣ ಸಿಕ್ಕಿದೆ ಎಂದಲ್ಲ. ಈ ವ್ಯತ್ಯಾಸ ತಿಳಿಯುವ ಮೊದಲೇ ಮನೆ, ಜಮೀನು ಅಡವಿಡುವುದು ತರವಲ್ಲ.

ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ.ಗೆ ಸೇರಿದವರಿಗೆ ಸಾಮಾನ್ಯವಾಗಿ ಶುಲ್ಕ ವಿನಾಯಿತಿಯೂ ಭತ್ಯೆಯೂ ಇರುತ್ತದೆ. ಪ್ರತಿಯಾಗಿ ಅವರು ಪಾಠ ಹೇಳಬೇಕು, ಇಲ್ಲವೇ ಸಂಶೋಧನೆಯಲ್ಲಿ ನೆರವಾಗಬೇಕು. ಎಂ.ಎಸ್.ಗೆ ಹೋಗುವ ಬಹುತೇಕರು ಮಾತ್ರ ಪೂರ್ತಿ ಖರ್ಚನ್ನು ತಾವೇ ಭರಿಸಬೇಕು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹಿಡಿಯುವುದು ಈ ಎರಡನೆಯ ದಾರಿಯನ್ನೇ.

ಭತ್ಯೆ ಇದ್ದರೂ ನ್ಯೂಜೆರ್ಸಿಯಲ್ಲಿ ಬದುಕು ದುಬಾರಿ. 2023ರ ಏಪ್ರಿಲ್‌ನಲ್ಲಿ ರಟ್ಗರ್ಸ್‌ನ ಅಧ್ಯಾಪಕರ ಜೊತೆ ವಿದ್ಯಾರ್ಥಿ ಸಹಾಯಕರೂ ಮುಷ್ಕರ ಹೂಡಿದ್ದರು. ಅವರ ಸಂಬಳವನ್ನು ಹಂತಹಂತವಾಗಿ 40 ಸಾವಿರ ಡಾಲರ್‌ಗೆ ಏರಿಸಲು ಆಡಳಿತ ಒಪ್ಪಿದ್ದು ಆ ಬಳಿಕವೇ.

‘ಅಲ್ಲಿ ಹೋಗಿ ದುಡಿದುಕೊಳ್ಳುತ್ತಾನೆ’ ಎಂಬ ಲೆಕ್ಕವೂ ಅಪಾಯಕಾರಿ. ಎಫ್-1 ವೀಸಾದವರು ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಯಷ್ಟೇ ದುಡಿಯಬಹುದು. ಅನುಮತಿಯಿಲ್ಲದೆ ಹೊರಗೆ ದುಡಿದರೆ ಅಲ್ಲಿರುವ ಹಕ್ಕೇ ಹೋಗುತ್ತದೆ. ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ಕಾಣುವುದು ಸಾಮಾನ್ಯವಾಗಿ ಒಂದು ವರ್ಷದ ಖರ್ಚು. ಎರಡನೆಯ ವರ್ಷದ್ದನ್ನು ಕುಟುಂಬವೇ ಲೆಕ್ಕ ಹಾಕಬೇಕು.

ಹಾಗಾಗಿ ಒಪ್ಪಿಗೆ ಕೊಡುವ ಮುನ್ನ ವಿಭಾಗಕ್ಕೆ ಪತ್ರ ಬರೆದು ಕೇಳಿ: ನೆರವು ಎಷ್ಟು ವರ್ಷಕ್ಕೆ? ಶುಲ್ಕ ಪೂರ್ತಿ ಮಾಫಿಯೇ? ಆರೋಗ್ಯ ವಿಮೆ ಸೇರಿದೆಯೇ? ಬೇಸಿಗೆಯಲ್ಲೂ ಭತ್ಯೆ ಇದೆಯೇ? ಉತ್ತರ ಬರಹದಲ್ಲೇ ಇರಲಿ. ಆರ್ಥಿಕ ನೆರವಿನ ಆಹ್ವಾನಕ್ಕೆ ಏಪ್ರಿಲ್ 15ರವರೆಗೆ ಉತ್ತರಿಸಬಹುದು ಎಂಬ ನಿಯಮವನ್ನು ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿವೆ. ಅವಸರ ಬೇಡ.

ನೆರವು ಕೇಳಲು ಸಂಕೋಚವೂ ಬೇಡ. 1913ರಲ್ಲಿ ಅಂಬೇಡ್ಕರ್ ಕೊಲಂಬಿಯಾಕ್ಕೆ ಹೋದದ್ದು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ. ಇಂದು ನಮ್ಮ ರಾಜ್ಯದಲ್ಲೂ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಇದೆ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ವಿದೇಶ ವ್ಯಾಸಂಗ ಸಾಲವಿದೆ. ಬ್ಯಾಂಕಿಗೆ ಹೋಗುವ ಮೊದಲು ಇವುಗಳ ಅರ್ಹತೆಯನ್ನು ವಿಚಾರಿಸಿ.

ನ್ಯೂಜೆರ್ಸಿಯ ಬೃಂದಾವನ, ನ್ಯೂಯಾರ್ಕ್ ಕನ್ನಡ ಕೂಟಗಳಲ್ಲಿ ಒಂದು ವಿನಂತಿ. ಯುಗಾದಿ, ರಾಜ್ಯೋತ್ಸವಗಳ ನಡುವೆ ಪ್ರತಿ ಜನವರಿಯಲ್ಲಿ ಒಂದು ಸಂಜೆಯನ್ನು ಇದಕ್ಕೆ ಮೀಸಲಿಡಿ. ಅಲ್ಲೇ ಓದಿದ ನಾಲ್ವರು ಬಾಡಿಗೆ, ಶುಲ್ಕ, ಸಾಲದ ನಿಜವಾದ ಲೆಕ್ಕವನ್ನು ಇಲ್ಲಿನ ತಂದೆತಾಯಿಗೆ ವಿಡಿಯೊ ಕರೆಯಲ್ಲಿ, ಕನ್ನಡದಲ್ಲಿ ಹೇಳಲಿ. ಅದನ್ನು ಕೇಳಿದ ಮೇಲೂ ಕುಟುಂಬ ‘ಹೋಗಲಿ’ ಎಂದರೆ, ಅದು ತಿಳಿದು ಮಾಡಿದ ತೀರ್ಮಾನವಾಗಿರುತ್ತದೆ.